ಸ್ಟಾಪ್ ಒತ್ತಿದರೆ ಸಾಕಾಗಲ್ಲ: ನಮ್ಮ ಬೇಳೆ ಮಿಲ್‌ನಲ್ಲಿ ಆದದ್ದು, ನಿಮ್ಮಲ್ಲಿ ಹೇಗೆ ಮಾಡ್ತೀರಿ?

ಕಪನೂರು ಬೇಳೆ ಮಿಲ್ | ಭಾನುವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರಿನಲ್ಲಿ ನಾನು, ನಮ್ಮಣ್ಣ ಸೇರಿ ಸಣ್ಣದೊಂದು ತೊಗರಿ ಬೇಳೆ ಮಿಲ್ ನಡೆಸುತ್ತೇವೆ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಕಳೆದ ಗುರುವಾರ ಆದದ್ದನ್ನು ಹೇಳಿ ಒಂದು ಪ್ರಶ್ನೆ ಕೇಳಬೇಕು.

ಮಧ್ಯಾಹ್ನ, ಬಕೆಟ್ ಬೆಲ್ಟಿನಿಂದ ಕಾಳು ಮೇಲಕ್ಕೆತ್ತುವ ಎರಡನೇ ಎಲಿವೇಟರ್‌ನ ಬುಡದಲ್ಲಿ ಮಾಲು ಕಟ್ಟಿಕೊಂಡಿತ್ತು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಕೆಲಸದ ಹುಡುಗ, ಇಪ್ಪತ್ತೆರಡು ವರ್ಷದವನು, ಹೇಗೂ ಕರೆಂಟ್ ಇಲ್ಲವಲ್ಲ ಅಂತ ಕೆಳಗಿನ ಬಾಗಿಲು ತೆಗೆದು ಒಳಗೆ ಕೈ ಹಾಕಿ ಕಾಳು ತೋಡುತ್ತಿದ್ದ. ಮೂರು ನಾಲ್ಕು ನಿಮಿಷಕ್ಕೆ ಕರೆಂಟ್ ಬಂತು. ಎಲಿವೇಟರ್ ತಾನಾಗೇ ತಿರುಗಿತು. ಆ ಗಳಿಗೆಗೆ ಅವನು ಚೀಲ ಹತ್ತಿರ ಎಳೆದುಕೊಳ್ಳೋಕೆ ಕೈ ಹೊರಗೆ ತೆಗೆದಿದ್ದ. ತಗಡಿನ ಡಬ್ಬ ಮಾತ್ರ ಒಳಗೆ ಉಳಿದಿತ್ತು.

ಆ ಡಬ್ಬ ಈಗ ನನ್ನ ಟೇಬಲ್ ಮೇಲಿದೆ. ಎಣ್ಣೆ ಡಬ್ಬ ಓರೆಯಾಗಿ ಕತ್ತರಿಸಿ ಮಾಡಿದ ಮೊಗೆ ಅದು. ಬಿಸಿ ರೊಟ್ಟಿ ಮಡಚಿದ ಹಾಗೆ ಮಡಚಿಹೋಗಿದೆ. ಮಡಿಕೆಯ ಒಳಗೆ ಐದಾರು ತೊಗರಿ ಕಾಳು ಇನ್ನೂ ಸಿಕ್ಕಿಕೊಂಡಿವೆ. ನೋಡಿದಾಗೆಲ್ಲ ಎದೆ ಝಲ್ ಅನ್ನುತ್ತೆ.

ಸಂಜೆ ಸ್ಟಾರ್ಟರ್ ಬಿಚ್ಚಿಸಿದೆ. ಕರೆಂಟ್ ಹೋಗಿ ಬಂದಾಗೆಲ್ಲ ಬಟನ್ ಒತ್ತೋ ತಾಪತ್ರಯ ಬೇಡ ಅಂತ ಯಾರೋ ಸ್ಟಾರ್ಟ್ ಬಟನ್‌ನ ಎರಡು ವೈರ್ ಕೂಡಿಸಿ ಬಿಟ್ಟಿದ್ದರು. ಕರೆಂಟ್ ಬಂತೆಂದರೆ ಮೋಟರ್ ಓಡಲೇಬೇಕು. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಗೊತ್ತಿಲ್ಲ. ಮಾಲೀಕನಾದ ನನಗೇ ಗೊತ್ತಿರಲಿಲ್ಲ ಅಂದರೆ ತಪ್ಪು ನನ್ನದೇ.

ದೊಡ್ಡ ಫ್ಯಾಕ್ಟರಿಗಳಲ್ಲಿ ಕೀಲಿ (ಬೀಗ) ಹಾಕಿ ಕೆಲಸ ಮಾಡೋ ಪದ್ಧತಿ ಇದೆ ಅಂತ ಕೇಳಿದ್ದೇನೆ. ನಮ್ಮಂಥ ಸಣ್ಣ ಮಿಲ್‌ನಲ್ಲಿ ಅದು ಆಗುತ್ತಾ? ಎಲ್ಲಿಂದ ಶುರು ಮಾಡಬೇಕು?

ಸೇಡಂ ಫಿಟ್ಟರ್ | ಭಾನುವಾರ, ರಾತ್ರಿ 10.45

ಅಣ್ಣಾ, ಹುಡುಗನ ಕೈ ಉಳಿಯಿತಲ್ಲ, ಅದೇ ದೊಡ್ಡದು. ತಪ್ಪು ನನ್ನದು ಅಂತ ಬರೆದಿದ್ದೀರಿ, ಓದಿ ನಿಮ್ಮ ಮೇಲೆ ಗೌರವ ಬಂತು.

ನಾನು ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಹದಿನೇಳು ವರ್ಷದಿಂದ ಫಿಟ್ಟರ್. ನೀವು ಕೇಳಿದ್ದಕ್ಕೆ ಲಾಕ್‌ಔಟ್ ಟ್ಯಾಗ್‌ಔಟ್ ಅಂತ ಹೆಸರು. ನಾವು ಲೋಟೋ ಅಂತೀವಿ. ಅದರ ಜೀವ ಎಲ್ಲಿದೆ ಅಂದರೆ, ಯಾರ ಕೈ ಮಷಿನ್ ಒಳಗಿದೆಯೋ ಚಾವಿ ಅವನ ಜೇಬಿನಲ್ಲೇ ಇರಬೇಕು. ಸೂಪರ್‌ವೈಸರ್ ಹತ್ತಿರ ಅಲ್ಲ, ಆಫೀಸಿನ ಮೊಳೆಗೂ ಅಲ್ಲ. ಒಂದು ಕೀಲಿಗೆ ಒಂದೇ ಚಾವಿ. ಎರಡನೇ ಚಾವಿ ಇನ್ನೊಬ್ಬರ ಕೈಯಲ್ಲಿದ್ದರೆ ಕೀಲಿ ಹಾಕಿಯೂ ಸುಮ್ನೆ.

ಮೊದಲು ಅಕ್ಕಪಕ್ಕ ಇರುವವರಿಗೆಲ್ಲ ಹೇಳಿ ಮಷಿನ್ ನಿಲ್ಲಿಸಿ. ಮೇನ್ ಸ್ವಿಚ್ ಇಳಿಸಿ, ಹಿಡಿಕೆಯ ತೂತಿನಲ್ಲಿ ಕೀಲಿ ಹಾಕಿ. ಯಾರು, ಏನು ಕೆಲಸ, ಎಷ್ಟು ಹೊತ್ತಿಗೆ ಅಂತ ಬರೆದ ಟ್ಯಾಗ್ ತೂಗುಹಾಕಿ. ಒಳಗೆ ಉಳಿದ ಗಾಳಿ, ಎಣ್ಣೆಯ ಪ್ರೆಶರ್, ಮೇಲೆ ನಿಂತ ಭಾರ, ಬಿಸಿ, ಏನಿದ್ದರೂ ಇಳಿಸಿ. ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ನೋಡಿ. ತಿರುಗಲಿಲ್ಲ ಅಂದರೆ ಮತ್ತೆ ಸ್ಟಾಪ್ ಒತ್ತಿ ಕೆಲಸಕ್ಕೆ ಇಳಿಯಿರಿ. ಜನ ಜಾಸ್ತಿ ಬಿಡೋದು ಈ ಕೊನೇ ಕೆಲಸವನ್ನೇ. ನಮ್ಮ ಗ್ಯಾಂಗ್‌ನಲ್ಲಿ ‘ಟ್ರೈ ಮಾಡಿದ್ಯಾ?’ ಅಂತ ಕೇಳದೆ ಯಾರೂ ಪಾನಾ ಎತ್ತಲ್ಲ.

ಕರೆಂಟ್ ಒಂದೇ ಅಪಾಯ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಹೆಲ್ಪರ್ ಆಗಿದ್ದಾಗ ಬೇರೆ ಒಂದು ಫ್ಯಾಕ್ಟರಿಯಲ್ಲಿ ಪುಡಿ ಬಿಸಿ ಮಾಡುವ ಪ್ರೀಹೀಟರ್‌ನಲ್ಲಿ ಏರ್ ಬ್ಲಾಸ್ಟರ್ ಇಳಿಸುವ ಕೆಲಸ. ಕಟ್ಟಿಕೊಂಡ ಪುಡಿಯನ್ನು ಗಾಳಿ ಹೊಡೆದು ಉದುರಿಸೋ ಸಿಲಿಂಡರ್ ಅದು. ಕರೆಂಟ್ ಕಡಿದಿದ್ದೆವು, ಕೀಲಿಯೂ ಬಿದ್ದಿತ್ತು, ಗಾಳಿಯ ವಾಲ್ವ್ ಮುಚ್ಚಿತ್ತು. ಸಿಲಿಂಡರ್ ಒಳಗಿನ ಗಾಳಿ ಮಾತ್ರ ಬಿಟ್ಟಿರಲಿಲ್ಲ. ಪೈಪಿನ ಯೂನಿಯನ್ ಅರ್ಧ ಸುತ್ತು ಸಡಿಲಿಸಿದ್ದೇ ತಡ, ಬ್ಲಾಸ್ಟರ್ ಹೊಡೆದೇಬಿಟ್ಟಿತು. ಪಿಸ್ಟನ್ ಹಿಂದಿನ ಪ್ರೆಶರ್ ಇಳಿದ ಕೂಡಲೇ ಹೊಡೆಯೋದೇ ಅದರ ಕೆಲಸ ಅಂತ ಆಗ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಎದುರಿನ ಕಿಂಡಿಯಿಂದ ಬಿಸಿ ಪುಡಿ ಹಾರಿ, ಅಲ್ಲಿ ನಿಂತಿದ್ದ ಹಿರಿಯರ ಕುತ್ತಿಗೆ, ತೋಳು ಸುಟ್ಟವು. ಅವರು ನನಗೆ ಕೆಲಸ ಕಲಿಸಿದವರು. ಈಗಲೂ ಶೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಾರೆ.

ಈಗ ಗೇಜ್ ಮುಳ್ಳು ಸೊನ್ನೆಗೆ ಬಂದದ್ದು ಕಣ್ಣಾರೆ ಕಾಣೋವರೆಗೂ ಪಾನಾ ಇಡಲ್ಲ. ಒಂದು ಲೆಕ್ಕ ನೋಡಿ. ಹತ್ತು ಸೆಂಟಿಮೀಟರ್ ಅಗಲದ ಗಾಳಿ ಸಿಲಿಂಡರ್‌ನಲ್ಲಿ 6 ಬಾರ್ ಗಾಳಿ ಇದ್ದರೆ ಪಿಸ್ಟನ್ ಸುಮಾರು 480 ಕೆಜಿ ಭಾರದಷ್ಟು ತಳ್ಳುತ್ತೆ. ಐವತ್ತು ಕೆಜಿಯ ಒಂಬತ್ತು ಚೀಲಕ್ಕಿಂತ ಜಾಸ್ತಿ.

ಹುಮನಾಬಾದ್ ಎಲೆಕ್ಟ್ರಿಷಿಯನ್ | ಸೋಮವಾರ, ಬೆಳಗ್ಗೆ 7.10

ಫಿಟ್ಟರ್ ಅಣ್ಣ ಹೇಳಿದ್ದಕ್ಕೆ ಎಲೆಕ್ಟ್ರಿಕಲ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಸ್ಟಾಪ್ ಬಟನ್ ಒತ್ತಿದರೆ ಕಾಯಿಲ್‌ನ ಕರೆಂಟ್ ಹೋಗಿ ಕಾಂಟಾಕ್ಟರ್, ಅಂದರೆ ಸ್ಟಾರ್ಟರ್ ಒಳಗೆ ಮೋಟರ್‌ಗೆ ಕರೆಂಟ್ ಕೂಡಿಸುವ ಸ್ವಿಚ್, ಬಿಡುತ್ತದೆ, ಅಷ್ಟೇ. 415 ವೋಲ್ಟ್ ಅದರ ತಲೆಯ ಮೇಲೇ ಕೂತಿರುತ್ತದೆ. ಕಾಂಟಾಕ್ಟರ್ ಅಂಟಿಕೊಂಡರೆ, ವೈರ್ ತಾಗಿದರೆ, ಇನ್ನೊಂದು ಕಡೆಯಿಂದ ಯಾರಾದರೂ ಬಟನ್ ಒತ್ತಿದರೆ ಮೋಟರ್ ಓಡುತ್ತದೆ. ಹಾಗಾಗಿ ಸ್ಟಾಪ್ ಬಟನ್, ಎಮರ್ಜೆನ್ಸಿ ಬಟನ್ ಯಾವುದನ್ನೂ ನಂಬಿ ಕೈ ಹಾಕಬೇಡಿ. ಮೇನ್ ಕಡಿಯಲೇಬೇಕು.

ನಿಮ್ಮಲ್ಲಿ ಕೆಪಾಸಿಟರ್ ಪ್ಯಾನೆಲ್ ಇದ್ದೇ ಇರುತ್ತದೆ. ಮೇನ್ ಕಡಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಮೋಟರ್ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಇದ್ದರೂ ಅಷ್ಟೇ. ಎಷ್ಟು ನಿಮಿಷ ಕಾಯಬೇಕು ಅಂತ ಅದರ ಮೇಲೇ ಬರೆದಿರುತ್ತಾರೆ. ಕಾಯ್ದ ಮೇಲೂ ಮೀಟರ್ ಇಟ್ಟು ನೋಡಿಯೇ ಮುಟ್ಟಿ. ನೋಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಕರೆಂಟ್ ಇರುವ ಜಾಗದಲ್ಲಿ ಮೀಟರ್ ಇಟ್ಟು ಅದು ತೋರಿಸುತ್ತಾ ನೋಡಿ, ಆಮೇಲೆ ಕಡಿದ ಜಾಗದಲ್ಲಿ, ಮತ್ತೆ ಕರೆಂಟ್ ಇರುವ ಜಾಗದಲ್ಲಿ. ಇಲ್ಲದಿದ್ದರೆ ಮೀಟರ್ ಕೆಟ್ಟು ಸೊನ್ನೆ ತೋರಿಸಿದ್ದನ್ನೇ ಕರೆಂಟ್ ಇಲ್ಲ ಅಂತ ತಿಳಿಯುತ್ತೀರಿ. ಜೇಬಿನ ಟೆಸ್ಟರ್ ದೀಪ ಹತ್ತಲಿಲ್ಲ ಅಂತ ಧೈರ್ಯ ಮಾಡಬೇಡಿ, ಮಧ್ಯಾಹ್ನದ ಬೆಳಕಿನಲ್ಲಿ ಅದು ಹತ್ತಿದ್ದೇ ಕಾಣಲ್ಲ.

ಜನರೇಟರ್ ಇದೆಯಾ? ಇದ್ದರೆ ಅದು ಎರಡನೇ ದಾರಿ. ಲೈನ್‌ನಿಂದ ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿಗೂ ಕೀಲಿ ಬೇಕು.

ಕಪನೂರು ಬೇಳೆ ಮಿಲ್ | ಸೋಮವಾರ, ಮಧ್ಯಾಹ್ನ 1.30

ತುಂಬಾ ಉಪಕಾರ. ಜನರೇಟರ್ ಇದೆ, ಅದನ್ನು ಯೋಚಿಸಿಯೇ ಇರಲಿಲ್ಲ. ನಮ್ಮ ಬೋರ್ಡ್ ಹಳೆಯದು, ಕಿಟ್‌ಕ್ಯಾಟ್ ಫ್ಯೂಸ್‌ಗಳು. ಕೀಲಿ ಹಾಕೋಕೆ ತೂತೇ ಇಲ್ಲ. ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರೆ ನಡೆಯುತ್ತಾ?

ಹುಮನಾಬಾದ್ ಎಲೆಕ್ಟ್ರಿಷಿಯನ್ | ಸೋಮವಾರ, ರಾತ್ರಿ 8.05

ಏನೂ ಮಾಡದೇ ಇರೋದಕ್ಕಿಂತ ಮೇಲು, ಆದರೆ ಸಾಲದು. ಪಕ್ಕದ ಬೋರ್ಡ್‌ನ ಫ್ಯೂಸ್ ಕಿತ್ತು ಇಲ್ಲಿ ಹಾಕಿ ಮಷಿನ್ ಚಾಲೂ ಮಾಡಿದವರನ್ನು ನಾನೇ ನೋಡಿದ್ದೇನೆ. ಸದ್ಯಕ್ಕೆ ಮೂರೂ ಫ್ಯೂಸ್ ಕಿತ್ತು, ಬೋರ್ಡ್‌ನ ಮುಚ್ಚಳಕ್ಕೆ ಚಿಲಕ ಬೆಸೆಸಿ ಕೀಲಿ ಹಾಕಿ. ಆಮೇಲೆ ದುಡ್ಡು ಕೂಡಿದ ಹಾಗೆ ಒಂದೊಂದು ಮೋಟರ್‌ಗೂ ಕೀಲಿ ಹಾಕಲು ಬರುವ ಐಸೊಲೇಟರ್, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಕೂರಿಸಿ. ಎಂಸಿಬಿ ಇದ್ದರೆ ಅದರ ಮೂತಿಗೆ ಕಚ್ಚಿಸುವ ಕ್ಲಿಪ್ ಸಿಗುತ್ತದೆ. ಮೊದಲು ಎಲಿವೇಟರ್‌ಗಳಿಂದ ಶುರು ಮಾಡಿ, ನೀವು ಕೈ ಹಾಕೋದು ಅಲ್ಲೇ ಜಾಸ್ತಿ.

ಆ ಕೂಡಿಸಿದ ವೈರ್ ಬಿಡಿಸಿದ್ರಾ? ಬೇರೆ ಸ್ಟಾರ್ಟರ್‌ಗಳನ್ನೂ ಒಂದೊಂದಾಗಿ ನೋಡಿಸಿ. ಒಂದರಲ್ಲಿ ಮಾಡಿದವನು ಉಳಿದವುಗಳಲ್ಲೂ ಮಾಡಿರಬಹುದು.

ಯಾದಗಿರಿ ಹತ್ತಿ ಮಿಲ್ | ಸೋಮವಾರ, ರಾತ್ರಿ 9.50

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಜಿನ್ನಿಂಗ್ ಸೀಸನ್‌ನಲ್ಲಿ ಹತ್ತಿ ಕಟ್ಟಿಕೊಳ್ಳೋದು ದಿನಕ್ಕೆ ಹತ್ತು ಹನ್ನೆರಡು ಸಲ. ಪ್ರತಿ ಸಲ ಮೇನ್ ಕಡಿದು, ಕೀಲಿ ಹಾಕಿ, ಟ್ಯಾಗ್ ಬರೆದು ಕೂತರೆ ಹೊರಗೆ ಗಾಡಿಗಳ ಸಾಲು ನಿಂತಿರುತ್ತದೆ. ರೈತರು ಬಯ್ಯುತ್ತಾರೆ. ನಮ್ಮ ಹುಡುಗರು ಹದಿನೈದು ವರ್ಷದಿಂದ ಮಾಡುತ್ತಿದ್ದಾರೆ, ಕೈ ಪಳಗಿದೆ.

ಸೇಡಂ ಫಿಟ್ಟರ್ | ಸೋಮವಾರ, ರಾತ್ರಿ 10.15

ಸುಟ್ಟುಕೊಂಡ ನಮ್ಮ ಹಿರಿಯರಿಗೂ ಇಪ್ಪತ್ತು ವರ್ಷ ಕೈ ಪಳಗಿತ್ತು ಸಾಹೇಬ್ರೆ.

ಕೊಳಾರ ಸೇಫ್ಟಿ, ಬೀದರ್ | ಮಂಗಳವಾರ, ಬೆಳಗ್ಗೆ 6.40

ಯಾದಗಿರಿ ಅಣ್ಣನವರು ಹೇಳಿದ ಕಷ್ಟ ನಿಜ. ಅದನ್ನು ತಳ್ಳಿಹಾಕಿದರೆ ಯಾರೂ ಕೀಲಿ ಹಾಕಲ್ಲ. ನಾನು ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೇಫ್ಟಿ ಕೆಲಸ ಮಾಡುತ್ತೇನೆ. ಹನ್ನೆರಡು ಸಲ ಕಟ್ಟಿಕೊಳ್ಳುತ್ತದೆ ಅಂದರೆ, ಯಾಕೆ ಕಟ್ಟಿಕೊಳ್ಳುತ್ತದೆ ಅಂತ ಮೊದಲು ನೋಡಬೇಕು ಅಲ್ವಾ? ಚೀಲದ ಸುತಲಿ, ಕಡ್ಡಿ ಬರುತ್ತಿದ್ದರೆ ಮೇಲೇ ಜಾಲರಿ ಹಾಕಿ. ಮಾಲು ಒಮ್ಮೆಲೇ ಸುರಿಯುತ್ತಿದ್ದರೆ ಗೇಟ್ ಚಿಕ್ಕದು ಮಾಡಿ. ಹನ್ನೆರಡು ಮೂರಕ್ಕೆ ಇಳಿದರೆ ಆ ಮೂರಕ್ಕೆ ಕೀಲಿ ಹಾಕೋದು ಭಾರ ಅನ್ನಿಸಲ್ಲ. ಮಷಿನ್‌ಗೆ ಅಡ್ಡ ಹಾಕಿದ ರಕ್ಷಣೆಯ ಜಾಲಿ ತೆಗೆದು ಕೈ ಒಳಗೆ ಹೋಗುವ ಕೆಲಸಕ್ಕೆ ಮಾತ್ರ ವಿನಾಯಿತಿಯೇ ಇಲ್ಲ, ಒಂದು ನಿಮಿಷದ್ದಾದರೂ ಕೀಲಿ.

ಕಾನೂನಲ್ಲೂ ಇದು ಹೊಸದೇನಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ, ತಾನಾಗಿ ಆನ್ ಕಡೆಗೆ ಸರಿಯಬಹುದಾದ ಸ್ವಿಚ್ಚಿಗೆ ಕೀಲಿ ಹಾಕುವ ಏರ್ಪಾಡು ಇರಬೇಕು ಅಂತ ಬಂದಿತ್ತು. ಓಡುತ್ತಿರುವ ಮಷಿನ್ ಹತ್ತಿರ ನೋಡಲೇಬೇಕಾದ ಕೆಲಸ ಇದ್ದರೆ ತರಬೇತಿ ಪಡೆದವರೇ ಹೋಗಬೇಕು, ಮೈಗೆ ಅಂಟುವ ಬಟ್ಟೆ ಹಾಕಿರಬೇಕು ಅಂತ 22ನೇ ಸೆಕ್ಷನ್ ಹೇಳುತ್ತಿತ್ತು. ನಮ್ಮ ಕಡೆ ಹೆಗಲ ಮೇಲೆ ಟವೆಲ್ ಇಲ್ಲದೆ ಯಾರೂ ಕೆಲಸಕ್ಕೆ ಬರಲ್ಲ. ಬೆಲ್ಟ್ ಹತ್ತಿರ ಆ ಟವೆಲ್ ಬೇಡವೇ ಬೇಡ. ದಯವಿಟ್ಟು ಇವತ್ತೇ ಹೇಳಿ.

ಇದನ್ನು ನಾನು ಮನೆಯಲ್ಲೇ ಕಲಿತೆ. ನಮ್ಮಪ್ಪ ಲೈನ್‌ಮನ್ ಆಗಿದ್ದರು. ಕಂಬ ಹತ್ತುವ ಮೊದಲು ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ತಗೊಳ್ಳುತ್ತಿದ್ದರು. ಯಾರು ಎಲ್‌ಸಿ ತಗೊಂಡಿದ್ದಾರೋ ಅವರೇ ವಾಪಸ್ ಕೊಡಬೇಕು. ಬೇರೆಯವರು ಫೋನ್ ಮಾಡಿ ‘ಆಯ್ತು, ಚಾರ್ಜ್ ಮಾಡಿ’ ಅಂದರೆ ಸಬ್‌ಸ್ಟೇಷನ್‌ನವರು ಕೇಳಬಾರದು. ಎಲ್‌ಸಿ ಸಿಕ್ಕಿದ ಮೇಲೂ ಅಪ್ಪ ಕೆಲಸದ ಜಾಗದ ಎರಡೂ ಬದಿಗೆ ಅರ್ಥ್ ರಾಡ್ ಹಾಕುತ್ತಿದ್ದರು. ಯಾರದೋ ಮನೆಯ ಜನರೇಟರ್‌ನಿಂದ ಕರೆಂಟ್ ಉಲ್ಟಾ ಲೈನಿಗೆ ಬಂದರೆ ಅಂತ. ಸಂಜೆ ಸೈಕಲ್ ಸದ್ದು ಕೇಳೋವರೆಗೂ ಅಮ್ಮ ಬಾಗಿಲಲ್ಲೇ ಕೂತಿರುತ್ತಿದ್ದಳು. ಫ್ಯಾಕ್ಟರಿಯಲ್ಲಿ ಟ್ಯಾಗ್ ಬರೆಯುವಾಗ ನನಗೆ ಆ ಬಾಗಿಲು ನೆನಪಾಗುತ್ತದೆ.

ವಾಡಿ ಗುತ್ತಿಗೆ | ಮಂಗಳವಾರ, ಮಧ್ಯಾಹ್ನ 2.15

ನಾನು ಗುತ್ತಿಗೆ ಕೆಲಸದವನು. ರಿಪೇರಿಗೆ ಫ್ಯಾಕ್ಟರಿ ನಿಲ್ಲಿಸುವ ಶಟ್‌ಡೌನ್ ಇದ್ದಾಗ ಒಂದೊಂದು ತಿಂಗಳು ಒಂದೊಂದು ಫ್ಯಾಕ್ಟರಿ. ಕಂಪನಿಯವರಿಗೆ ಕೆಂಪು ಕೀಲಿ, ಹೆಸರು, ಫೋಟೋ ಎಲ್ಲ ಇರುತ್ತದೆ. ಒಂದು ಕಡೆ ನಮ್ಮ ಹದಿನಾರು ಜನರ ಬದಲು ಒಬ್ಬ ಸೂಪರ್‌ವೈಸರ್ ಒಂದೇ ಕೀಲಿ ಹಾಕಿದ್ದ. ನಾವು ಗಾಳಿ ಹೋಗುವ ಡಕ್ಟ್ ಒಳಗಿದ್ದೆವು. ಅವನು ಊಟಕ್ಕೆ ಹೋಗುವಾಗ ಚಾವಿ ಯಾರಿಗೋ ಕೊಟ್ಟು ಹೋದ ಅಂತ ಆಮೇಲೆ ಗೊತ್ತಾಯಿತು. ಏನೂ ಆಗಲಿಲ್ಲ. ಆದರೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾವು ಕೀಲಿ ಕೇಳಿದರೆ ನಾಳೆಯಿಂದ ಬರಬೇಡ ಅಂತಾರೆ. ಏನು ಮಾಡೋದು?

ಸೇಡಂ ಫಿಟ್ಟರ್ | ಮಂಗಳವಾರ, ಸಂಜೆ 6.30

ತಮ್ಮಾ, ಅದು ನಿನ್ನ ತಪ್ಪಲ್ಲ, ಕೆಲಸ ಕೊಟ್ಟವರ ತಪ್ಪು. ಜನ ಜಾಸ್ತಿ ಇದ್ದಾಗ ಮಾಡೋದು ಹೀಗೆ. ಸ್ವಿಚ್ಚಿಗೆ ಹಾಕಿದ ಕೀಲಿಗಳ ಚಾವಿಯನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕುತ್ತಾರೆ. ಆ ಪೆಟ್ಟಿಗೆಗೆ ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಕೀಲಿ ಹಾಕುತ್ತಾನೆ. ಹದಿನಾರು ಜನ ಅಂದರೆ ಹದಿನಾರು ಕೀಲಿ. ಕೊನೆಯವನು ಹೊರಗೆ ಬಂದು ತನ್ನದು ತೆಗೆಯೋವರೆಗೂ ಪೆಟ್ಟಿಗೆ ತೆರೆಯಲ್ಲ. ಕಂಪನಿಯವನೋ ಗುತ್ತಿಗೆಯವನೋ ಅಂತ ಕಬ್ಬಿಣದ ಪೆಟ್ಟಿಗೆ ಕೇಳಲ್ಲ.

ನೀನು ಒಬ್ಬನೇ ಕೇಳಬೇಡ. ಬೆಳಗ್ಗೆ ಕೆಲಸಕ್ಕೆ ಮೊದಲು ನಡೆಯುವ ಟೂಲ್‌ಬಾಕ್ಸ್ ಮಾತಿನಲ್ಲಿ ಎಲ್ಲರ ಮುಂದೆ, ‘ಸರ್, ನಮ್ಮ ಕೀಲಿ ಎಲ್ಲಿ ಹಾಕಬೇಕು?’ ಅಂತ ನಾಲ್ಕು ಜನ ಸೇರಿ ಕೇಳಿ. ಕೆಲಸದ ಪರ್ಮಿಟ್‌ಗೆ ಸಹಿ ಹಾಕುವವರು ಅಲ್ಲೇ ಇರುತ್ತಾರೆ. ಕಂಪನಿಯ ನಮ್ಮಂಥ ಹಳೇ ಕೆಲಸಗಾರರೂ ನಿಮ್ಮ ಪರ ಬಾಯಿ ತೆಗೆಯಬೇಕು. ನಾನು ತೆಗೆಯುತ್ತೇನೆ.

ಕಡೇಚೂರು ಶಿಫ್ಟ್ | ಮಂಗಳವಾರ, ರಾತ್ರಿ 11.55

ಈಗಷ್ಟೇ ಶಿಫ್ಟ್ ಮುಗಿಸಿ ಬಂದೆ. ನಮ್ಮದು ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ಕೆಮಿಕಲ್ ಕೆಲಸ. ಇಲ್ಲಿ ತಿರುಗುವ ಮಷಿನ್‌ಗಿಂತ ಪೈಪುಗಳದ್ದೇ ಜಾಸ್ತಿ ಭಯ. ವಾಲ್ವ್ ಮುಚ್ಚಿದರೆ ಲೈನ್ ಬಂದ್ ಆಯಿತು ಅಂತ ನಂಬಬೇಡಿ. ವಾಲ್ವ್ ಒಳಗೊಳಗೇ ಜಿನುಗುತ್ತದೆ. ರಿಯಾಕ್ಟರ್ ಒಳಗೆ ಮನುಷ್ಯ ಇಳಿಯಬೇಕಾದರೆ ಪೈಪ್ ಬಿಚ್ಚಿ ಬೇರೆ ಮಾಡಬೇಕು, ಇಲ್ಲವೇ ಪೈಪಿನ ಜೋಡಣೆಯ ಫ್ಲೇಂಜ್ ನಡುವೆ ದಾರಿ ಮುಚ್ಚುವ ಕಬ್ಬಿಣದ ತಟ್ಟೆ, ಅಂದರೆ ಬ್ಲೈಂಡ್ ಹಾಕಬೇಕು. 1984ರ ಡಿಸೆಂಬರ್‌ನಲ್ಲಿ ಭೋಪಾಲ್‌ನ ಟ್ಯಾಂಕಿಗೆ ನೀರು ಸೇರಿದ್ದರಿಂದಲೇ ವಿಷಗಾಳಿ ಎದ್ದದ್ದು. ಬ್ಲೈಂಡ್ ಹಾಕದೆ ಪೈಪ್ ತೊಳೆದದ್ದರಿಂದ ನೀರು ಹೋಯಿತು ಅಂತ ಅಲ್ಲಿನ ಕಾರ್ಮಿಕರು ಹೇಳಿದರು, ಕಂಪನಿ ಅದನ್ನು ಒಪ್ಪಲಿಲ್ಲ. ನನಗಂತೂ ಬ್ಲೈಂಡ್ ಕೈಯಲ್ಲಿ ಹಿಡಿದಾಗೆಲ್ಲ ಆ ಊರು ನೆನಪಾಗುತ್ತದೆ.

ನೈಟ್ರೋಜನ್ ಇನ್ನೂ ಮೋಸ, ಟ್ಯಾಂಕ್ ಒಳಗಿನ ಆಮ್ಲಜನಕವನ್ನು ಹೊರಗೆ ತಳ್ಳಿಬಿಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21 ಇರುತ್ತದೆ. ಮೀಟರ್ 19.5ಕ್ಕಿಂತ ಕೆಳಗೆ ತೋರಿಸಿದರೆ ನಾವು ಇಳಿಯಲ್ಲ. ಒಳಗೆ ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಅದಕ್ಕೇ ಹೊರಗೆ ಒಬ್ಬ ಹಗ್ಗ ಹಿಡಿದು ನಿಂತಿರಬೇಕು, ಅವನು ಏನೇ ಆದರೂ ಒಳಗೆ ಇಳಿಯಬಾರದು. ಟ್ಯಾಂಕ್ ಒಳಗೆ ಒಯ್ಯುವ ಕೈದೀಪ 24 ವೋಲ್ಟ್ ದಾಟಬಾರದು ಅಂತಲೂ ಅದೇ ಕಾರ್ಖಾನೆ ಕಾಯ್ದೆಯಲ್ಲಿತ್ತು. ನಿಮ್ಮ ಮಿಲ್‌ನಲ್ಲಿ ಬೇಳೆ ತುಂಬುವ ದೊಡ್ಡ ಡಬ್ಬಿಗಳಿದ್ದರೆ ಅವಕ್ಕೂ ಇದೇ ಎಚ್ಚರ ಬೇಕು. ಕೆಳಗಿನ ಗೇಟ್ ತೆಗೆದಿರುವಾಗ ಕಾಳಿನ ರಾಶಿಯ ಮೇಲೆ ಯಾರೂ ಕಾಲಿಡಬಾರದು. ಕಾಳು ಮನುಷ್ಯನನ್ನು ಒಳಕ್ಕೆ ಎಳೆಯುತ್ತದೆ.

ಚಿತ್ತಾಪುರ ಕಂಟ್ರೋಲ್ ರೂಮ್ | ಬುಧವಾರ, ಬೆಳಗ್ಗೆ 5.50

ರಾತ್ರಿ ಪಾಳಿಯಲ್ಲಿ ಕೂತು ಎಲ್ಲ ಓದಿದೆ. ಪಾಳಿ ಬದಲಾಗುವ ಹೊತ್ತಿನ ಮಾತು ಇನ್ನೂ ಬಂದಿಲ್ಲ.

1988ರ ಜುಲೈ 6ರಂದು ಬ್ರಿಟನ್ ಹತ್ತಿರದ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಅನ್ನುವ ತೈಲ ಕಟ್ಟೆ ಉರಿದುಹೋಯಿತು. 167 ಜನ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ಮುಚ್ಚಳ ಹಾಕಿ ಹೋಗಿದ್ದರು. ಆ ಸುದ್ದಿ ರಾತ್ರಿ ಪಾಳಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪ್ ನಿಂತಾಗ ಇವರು ಇದನ್ನು ಚಾಲೂ ಮಾಡಿದರು. ಮುಚ್ಚಳದ ಸಂದಿಯಿಂದ ಗ್ಯಾಸ್ ಬಂತು.

ನಾನು ಪಾಳಿ ಬಿಡುವಾಗ ಬರುವವರನ್ನು ಕರೆದುಕೊಂಡು ಹೋಗಿ ಕೀಲಿ ಇರುವ ಪ್ಯಾನೆಲ್ ಮುಂದೆ ನಿಲ್ಲಿಸಿ ತೋರಿಸುತ್ತೇನೆ. ಕೆಲಸ ಮುಂದುವರಿಯುವುದಾದರೆ ಬರುವವರು ಮೊದಲು ತಮ್ಮ ಕೀಲಿ ಹಾಕಬೇಕು, ಆಮೇಲೆ ಹೋಗುವವರದ್ದು ತೆಗೆಯಬೇಕು. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಬಸ್ ತಪ್ಪಿದ್ದೂ ಇದೆ.

ಯಾದಗಿರಿ ಹತ್ತಿ ಮಿಲ್ | ಬುಧವಾರ, ಬೆಳಗ್ಗೆ 10.20

ನಿನ್ನೆ ಹುಡುಗರನ್ನು ಕೂರಿಸಿ ಕೇಳಿದೆ. ಇಬ್ಬರ ಬೆರಳಿನ ತುದಿ ಇಲ್ಲ. ನನಗೆ ಗೊತ್ತಿದ್ದದ್ದೇ, ಬೇರೆ ಕಡೆ ಕೆಲಸ ಮಾಡುವಾಗ ಆದದ್ದು. ಆದರೂ ಇಷ್ಟು ವರ್ಷದಲ್ಲಿ ಹೇಗೆ ಆಯಿತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಇಬ್ಬರೂ ಹೇಳಿದ್ದು ಒಂದೇ ಕತೆ: ಮಷಿನ್ ನಿಂತಿದೆ ಅಂದುಕೊಂಡಿದ್ದೆವು. ಜಾಲರಿ ಹಾಕಿಸುತ್ತೇನೆ. ಎಂಸಿಬಿ ಕ್ಲಿಪ್ ಕಲಬುರಗಿಯಲ್ಲಿ ಎಲ್ಲಿ ಸಿಗುತ್ತದೆ ಹೇಳಿ.

ಹುಮನಾಬಾದ್ ಎಲೆಕ್ಟ್ರಿಷಿಯನ್ | ಬುಧವಾರ, ಮಧ್ಯಾಹ್ನ 12.40

ನಿಮ್ಮ ಎಂಸಿಬಿಯ ಒಂದು ಫೋಟೋ ಕಳಿಸಿ. ಅಳತೆ ನೋಡಿಯೇ ಹೇಳಬೇಕು, ಎಲ್ಲದಕ್ಕೂ ಒಂದೇ ಕ್ಲಿಪ್ ಕೂರಲ್ಲ.

ಕಪನೂರು ಬೇಳೆ ಮಿಲ್ | ಮುಂದಿನ ವಾರ, ಶುಕ್ರವಾರ, ರಾತ್ರಿ 9.05

ಮಾಡಿದ್ದನ್ನು ಹೇಳೋಕೆ ಬಂದೆ. ಹನ್ನೊಂದು ಸ್ಟಾರ್ಟರ್ ಬಿಚ್ಚಿಸಿದೆ. ಇನ್ನೂ ಎರಡರಲ್ಲಿ ವೈರ್ ಕೂಡಿಸಿದ್ದು ಸಿಕ್ಕಿತು. ಬಿಡಿಸಿದ್ದೇವೆ. ಮೂರು ಎಲಿವೇಟರ್‌ಗೂ ಕೀಲಿ ಹಾಕುವ ಐಸೊಲೇಟರ್ ಬಂತು. ಜನರೇಟರ್ ಚೇಂಜ್‌ಓವರ್‌ಗೆ ಚಿಲಕ ಬೆಸೆಸಿದೆ. ಒಳಗೆ ಕೈ ಹಾಕುವ ಐದು ಜನಕ್ಕೆ ಐದು ಕೀಲಿ ಕೊಟ್ಟು, ಎರಡನೇ ಚಾವಿಗಳನ್ನು ಅವರ ಎದುರೇ ಕಟರ್‌ನಲ್ಲಿ ತುಂಡು ಮಾಡಿದೆ. ಆ ಹುಡುಗ ತನ್ನ ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದಾನೆ.

ಇವತ್ತು ಬೆಳಗ್ಗೆ ಎರಡನೇ ಎಲಿವೇಟರ್ ಮತ್ತೆ ಕಟ್ಟಿಕೊಂಡಿತು. ಹುಡುಗನೇ ನಿಲ್ಲಿಸಿದ, 2 ಅಂತ ಬರೆದ ಸ್ವಿಚ್ ಇಳಿಸಿದ, ಕೀಲಿ ಹಾಕಿದ, ಟ್ಯಾಗ್ ತೂಗುಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ‘ಟ್ರೈ ಮಾಡು’ ಅಂದೆ. ಅವನು ಸ್ಟಾರ್ಟ್ ಒತ್ತಿದ. ಎಲಿವೇಟರ್ ತಿರುಗಿತು.

ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಬೋರ್ಡ್ ಹಾಕಿದವರು ಎರಡು ಮತ್ತು ಮೂರರ ನಂಬರ್ ಅದಲು ಬದಲು ಬರೆದಿದ್ದರು. ಕೀಲಿ ಬಿದ್ದದ್ದು ಮೂರನೇದಕ್ಕೆ. ಸರಿಯಾದ ಸ್ವಿಚ್ಚಿಗೆ ಕೀಲಿ ಹಾಕಿ, ಮತ್ತೆ ಒತ್ತಿ ನೋಡಿ, ಆಮೇಲೆ ಬಾಗಿಲು ತೆಗೆದೆವು.

ಇನ್ನೊಂದು ಕೇಳಬೇಕು. ಮಾಲು ತೆಗೆಯುತ್ತಾ ಹೋದ ಹಾಗೆ ಬೆಲ್ಟ್ ತಾನಾಗೇ ಒಂದೂವರೆ ಅಡಿ ಹಿಂದಕ್ಕೆ ಜಾರಿತು. ಮೋಟರ್‌ಗೆ ಕರೆಂಟ್ ಇರಲಿಲ್ಲ, ಅದು ಖಾತ್ರಿ. ಉದ್ದನೆಯ ಕೊಕ್ಕೆಯಲ್ಲಿ ತೆಗೆಯುತ್ತಿದ್ದರಿಂದ ಏನೂ ಆಗಲಿಲ್ಲ. ಇದು ಯಾಕೆ?

ಸೇಡಂ ಫಿಟ್ಟರ್ | ಶುಕ್ರವಾರ, ರಾತ್ರಿ 9.40

ಏರುವ ಕಡೆಯ ಬಕೆಟ್‌ಗಳಲ್ಲಿ ಕಾಳು ತುಂಬಿದೆ, ಇಳಿಯುವ ಕಡೆ ಖಾಲಿ ಇದೆ. ಬುಡದಲ್ಲಿ ಕಟ್ಟಿಕೊಂಡ ಮಾಲೇ ಇಷ್ಟು ಹೊತ್ತು ಬೆಲ್ಟ್ ಹಿಡಿದಿತ್ತು. ನೀವು ಅದನ್ನು ತೆಗೆದಿರಿ, ತುಂಬಿದ ಕಡೆ ಕೆಳಗೆ ಎಳೆಯಿತು. ಮೇಲಿನ ಶಾಫ್ಟ್‌ನಲ್ಲಿ ಬೆಲ್ಟ್ ಹಿಂದೆ ಓಡದಂತೆ ತಡೆಯುವ ಹೋಲ್ಡ್‌ಬ್ಯಾಕ್ ಇರಬೇಕು. ನಿಮ್ಮದರಲ್ಲಿ ಇಲ್ಲ, ಇಲ್ಲವೇ ಸವೆದಿದೆ. ಇನ್ನು ಮೇಲೆ ಕೀಲಿ ಹಾಕಿದ ನಂತರ ಬೆಲ್ಟಿಗೆ ಕ್ಲಾಂಪ್ ಬಿಗಿದು ಫ್ರೇಮಿಗೆ ಕಟ್ಟಿ, ಆಮೇಲೆ ಬುಡ ಬಿಡಿಸಿ.

ಭಾನುವಾರ ನನಗೆ ರಜೆ. ಬೆಳಗಿನ ಬಸ್ಸಿಗೆ ಬರುತ್ತೇನೆ, ಮೂರನ್ನೂ ಮೇಲೆ ಹತ್ತಿ ನೋಡೋಣ. ಅಲ್ಲಿವರೆಗೆ ಎರಡನೇದರ ಬುಡದ ಬಾಗಿಲು ತೆಗೀಬೇಡಿ ಅಣ್ಣಾ.